ಪಂಚಮವನ್ನು ಒಂಬತ್ತಾಗಿ ಹಂಚಿದರೆ

ಸ್ವರಸ್ಥಾನಗಳ ಲೆಕ್ಕವನ್ನು ಷಡ್ಜದಿಂದ ತಾರಷಡ್ಜದವರೆಗಿನ ಸ್ಥಾಯಿಯೊಳಗೇ ಮಾಡುವುದು ನಮಗೆ ರೂಢಿ. ಪಿಯಾನೊ ಕೂಡ ಆ ಸ್ಥಾಯಿಯನ್ನೇ 12 ಸಮಭಾಗ ಮಾಡುತ್ತದೆ. ಸ್ವರಗಳ ನಡುವಿನ ದೂರವನ್ನು ಅಳೆಯುವ ಮಾನವಾದ ಸೆಂಟ್‌ನಲ್ಲಿ ಸ್ಥಾಯಿಯ ಅಳತೆ 1200 ಆದುದರಿಂದ ಭಾಗವೊಂದಕ್ಕೆ 100 ಸೆಂಟ್ ಸಿಗುತ್ತದೆ. ಪಂಚಮಕ್ಕೆ ಇದರಿಂದ ಆಗುವ ನಷ್ಟ ಕೇವಲ 2 ಸೆಂಟ್, ಆದರೆ 386ರಲ್ಲಿ ಇರಬೇಕಾದ ಅಂತರ ಗಾಂಧಾರ 400ಕ್ಕೆ ಏರಿಬಿಡುತ್ತದೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರವನ್ನು ಬಲ್ಲ ಕಿವಿಗೆ ಈ 14 ಸೆಂಟ್ ಸಣ್ಣದಲ್ಲ.

ತಾರಷಡ್ಜ ಬಂದೇ ತೀರಬೇಕೆಂಬ ಷರತ್ತನ್ನು ಕೈಬಿಟ್ಟರೆ ಏನಾಗುತ್ತದೆಂದು ಅಮೆರಿಕದ ಸಂಯೋಜಕಿ ವೆಂಡಿ ಕಾರ್ಲೋಸ್ 1980ರ ದಶಕದಲ್ಲಿ ಕಂಪ್ಯೂಟರಿನ ನೆರವಿನಿಂದ ಹುಡುಕಿದರು. ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಶ್ರೇಣಿಗಳು ಸಿಕ್ಕವು. ಇವು ಪಂಚಮವನ್ನು, ಅಂದರೆ ಷಡ್ಜದಿಂದ ಪಂಚಮದವರೆಗಿನ ದೂರವನ್ನು, ಕ್ರಮವಾಗಿ 9, 11 ಮತ್ತು 20 ಸಮಭಾಗಗಳಾಗಿ ಹಂಚುತ್ತವೆ ಎನ್ನಬಹುದು. ಹೆಜ್ಜೆಯ ಅಳತೆ ಸುಮಾರು 78, 63.8 ಮತ್ತು 35.1 ಸೆಂಟ್. 1986ರಲ್ಲಿ ಹೊರಬಂದ ‘ಬ್ಯೂಟಿ ಇನ್ ದ ಬೀಸ್ಟ್’ ಧ್ವನಿಮುದ್ರಿಕೆಯ ಶೀರ್ಷಿಕೆ ಕೃತಿಯಲ್ಲಿ ಆಲ್ಫಾ, ಬೀಟಾ ಎರಡೂ ಇವೆ.

ಈ ಸಂಖ್ಯೆಗಳೇ ಏಕೆ ಎಂಬುದು ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾಗಿ ಕಂಡ ಭಾಗ. ಷಡ್ಜದಿಂದ ಅಂತರ ಗಾಂಧಾರಕ್ಕೆ ಕಂಪನಾಂಕಗಳ ಅನುಪಾತ 5:4, ಅಲ್ಲಿಂದ ಪಂಚಮಕ್ಕೆ 6:5. ಎರಡನ್ನೂ ಗುಣಿಸಿದರೆ ಪಂಚಮದ 3:2 ಬರುತ್ತದೆ. ಆದ್ದರಿಂದ ಪಂಚಮದ ಸಮಭಾಗಗಳು ಈ ಎರಡು ಅಂತರಗಳಿಗೂ ಹೊಂದುವಂತೆ ಒಡೆಯಬೇಕು. ಒಂಬತ್ತು ಐದು ಮತ್ತು ನಾಲ್ಕಾಗಿ, ಹನ್ನೊಂದು ಆರು ಮತ್ತು ಐದಾಗಿ, ಇಪ್ಪತ್ತು ಹನ್ನೊಂದು ಮತ್ತು ಒಂಬತ್ತಾಗಿ ಒಡೆಯುತ್ತವೆ. ಆಲ್ಫಾದ ಐದು ಹೆಜ್ಜೆ 390 ಸೆಂಟ್, ಅಂದರೆ 5:4ರ ಅಂತರ ಗಾಂಧಾರಕ್ಕಿಂತ ನಾಲ್ಕೇ ಸೆಂಟ್ ಹೆಚ್ಚು. ಗಾಮಾದಲ್ಲಿ ವ್ಯತ್ಯಾಸ ಕಿವಿಗೆ ಸಿಗದಷ್ಟು ಕಡಿಮೆ.

ಇದಕ್ಕೆ ತೆರುವ ಬೆಲೆ ದೊಡ್ಡದು. ಆಲ್ಫಾದ 15ನೇ ಹೆಜ್ಜೆ 1170ರಲ್ಲಿ, 16ನೆಯದು 1248ರಲ್ಲಿ ಇರುವುದರಿಂದ ತಾರಷಡ್ಜವೇ ಇಲ್ಲ. ಅದರ ಜೊತೆಗೆ ಶುದ್ಧ ಮಧ್ಯಮವೂ ಹೋಗುತ್ತದೆ, ಏಕೆಂದರೆ ಮಧ್ಯಮವೆಂದರೆ ಸ್ಥಾಯಿಯಲ್ಲಿ ಪಂಚಮವನ್ನು ಕಳೆದು ಉಳಿದದ್ದು: 498 ಸೆಂಟಿನಲ್ಲಿ ಇರಬೇಕಾದ ಆ ಸ್ವರದ ಒಂದು ಬದಿಗೆ 468, ಇನ್ನೊಂದು ಬದಿಗೆ 546 ಮಾತ್ರ ಸಿಗುತ್ತವೆ. ಸಾಧಾರಣ ಕೀಬೋರ್ಡಿನ ಪ್ರತಿ ಮನೆಗೂ ಆಲ್ಫಾದ ಒಂದೊಂದು ಹೆಜ್ಜೆಯನ್ನು ಕೊಟ್ಟರೆ, ಬೆರಳು ತಾರಷಡ್ಜವೆಂದು ನಂಬಿ ಒತ್ತಿದ ಮನೆ 936 ಸೆಂಟ್ ನುಡಿಯುತ್ತದೆ. ಅದು ಚತುಶ್ರುತಿ ಧೈವತಕ್ಕೂ ಕೈಶಿಕಿ ನಿಷಾದಕ್ಕೂ ನಡುವಿನ ಒಂದು ಸ್ಥಾನ. ಷಡ್ಜದ ಆಸರೆಯಲ್ಲೇ ಬಾಳುವ ರಾಗಸಂಗೀತಕ್ಕೆ ಇದು ಒಗ್ಗುವುದಿಲ್ಲ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಸಿಂಥಸೈಜರ್ ಸಂಗೀತವೇ ಇದರ ನೆಲೆ.

ಇದೇ ಕುಟುಂಬದ ಸೌಮ್ಯ ಸದಸ್ಯನೊಂದಿದೆ. ಫ್ರಾನ್ಸಿನ ಸೆರ್ಜ್ ಕೋರ್ಡಿಯೇ ಪಿಯಾನೊಗಾಗಿ ಶುದ್ಧ ಪಂಚಮವನ್ನು ಏಳು ಸಮಭಾಗ ಮಾಡುವ ಶ್ರುತಿಯನ್ನು ಪ್ರತಿಪಾದಿಸಿದರು. ಅದರಲ್ಲಿ ಸ್ಥಾಯಿ 1203 ಸೆಂಟಿಗೆ ತುಸು ಹಿಗ್ಗುತ್ತದೆ, ಗಾಂಧಾರ ಮಾತ್ರ ಇನ್ನೂ ಒಂದು ಸೆಂಟ್ ಮೇಲೇರುತ್ತದೆ.

ಮೂರರಲ್ಲಿ ನನ್ನ ಒಲವು ಆಲ್ಫಾದ ಕಡೆಗೆ. ಬೀಟಾದ ತಾರಷಡ್ಜ 12 ಸೆಂಟ್ ಹೆಚ್ಚು, ಗಾಮಾದ್ದು 7 ಸೆಂಟ್ ಕಡಿಮೆ. ಎರಡೂ ಅಪಶ್ರುತಿಯಾದ ಷಡ್ಜದಂತೆ ಕಿವಿಯನ್ನು ಕಾಡಬಲ್ಲವು. ಆಲ್ಫಾದಲ್ಲಿ ಅಂಥ ಗೊಂದಲವಿಲ್ಲ, ಏಕೆಂದರೆ ಅಲ್ಲಿ ಷಡ್ಜವೆಂದು ಭ್ರಮಿಸುವಷ್ಟು ಹತ್ತಿರದ ಸ್ವರವೇ ಇಲ್ಲ.