ದೊರೆಗಳ ಗೋರಿ

ನಮ್ಮ ಕಡೆ ಹಳೇ ಕಾಫಿ ತೋಟಗಳ ಮೂಲೆಯಲ್ಲಿ ಬಿಳಿ ದೊರೆಗಳ ಗೋರಿಗಳಿವೆ, ನೋಡಿದ್ದೀರಾ? ಇವತ್ತು ಮೂಡಿಗೆರೆ ಕಡೆ ಒಂದರ ಮೇಲಿನ ಪಾಚಿ ಕೆರೆದು ಓದಿದೆ. ಹೆಸರು ಅರ್ಧ ಅಳಿಸಿದೆ. ವಯಸ್ಸು ಮಾತ್ರ ಚೆನ್ನಾಗಿ ಕಾಣುತ್ತದೆ. 26. ಪಾಪ, ಹುಡುಗ.

ಮಂಜರಾಬಾದಿನಲ್ಲಿ, ಅಂದರೆ ಈಗಿನ ಸಕಲೇಶಪುರದ ಕಡೆ, ಗ್ರೀನ್ ಎಂಬ ಪ್ಲಾಂಟರ್ ತೋಟ ಶುರು ಮಾಡಿದ್ದು 1843ರಲ್ಲಿ. ಅವನ ಹಿಂದೆ ಇಂಗ್ಲೆಂಡ್, ಸ್ಕಾಟ್‌ಲೆಂಡಿನಿಂದ ಇನ್ನಷ್ಟು ಜನ ಬಂದರು. ಕಾಡು ಕಡಿಸಿದರು, ಬಂಗಲೆ ಕಟ್ಟಿಸಿದರು. ಆದರೆ ಮಲೆನಾಡಿನ ಚಳಿಜ್ವರಕ್ಕೆ ದೊರೆ ಯಾರು, ಆಳು ಯಾರು? ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಅನ್ನೋದಕ್ಕೆ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್‌ಗೆ ಸಿಕಂದರಾಬಾದಿನಲ್ಲಿ ಸುಳಿವು ಸಿಕ್ಕಿದ್ದೇ 1897ರಲ್ಲಿ. ಅಲ್ಲಿಯವರೆಗೆ ಎಲ್ಲರೂ ಕೆಟ್ಟ ಗಾಳಿಯನ್ನೇ ಬೈಯುತ್ತಿದ್ದರು.

ಸುಮ್ನೆ ಒಂದು ಯೋಚನೆ ಬಂತು. ಕೊಡಲಿ ಹಿಡಿದು ಆ ಮರಗಳನ್ನು ಉರುಳಿಸಿದವರು, ಹಣ್ಣು ಕೊಯ್ದು ಮೂಟೆ ಹೊತ್ತವರು ನಮ್ಮ ಜನ. ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಹೊಟ್ಟೆಪಾಡಿಗೆ ಬಂದವರೂ ಅವರಲ್ಲಿದ್ದರು. ಜ್ವರ ಅವರನ್ನೇ ಜಾಸ್ತಿ ತಿಂದಿರಬೇಕು, ಅಲ್ವಾ? ಅವರಿಗೆ ಕಲ್ಲು ನೆಟ್ಟವರು ಯಾರು? ಆಳುಗಳ ಹಾಜರಿ, ದಿನಗೂಲಿ ಬರೆಯುವ ಚೆಕ್‌ರೋಲಿನಲ್ಲಿ ಹೆಸರು ಬಿದ್ದಿದ್ದರೆ ಅದೇ ದೊಡ್ಡದು.

ಯಾರ ಮನೆ ಅಟ್ಟದಲ್ಲಾದರೂ ಹಳೇ ಚೆಕ್‌ರೋಲ್ ಪುಸ್ತಕ ಇದ್ದರೆ ಗೆದ್ದಲು ಹತ್ತೋ ಮೊದಲು ಹೇಳಿ, ಬಂದು ಫೋಟೋ ತೆಗೆದುಕೊಳ್ಳುತ್ತೇನೆ.