ಬಾಟಲಿ ಇಟ್ಟರೆ ಮುಗೀತಾ?

28 ಜುಲೈ 2021, ಬುಧವಾರ
ಒಹಾಯೊ

ಸಂಜೆ ಅತ್ತಿಗೆಯ ಫೋನು. ಮುಂದಿನ ವಾರ ಕೌಂಟಿ ಫೇರ್, ಅಂದರೆ ನಮ್ಮ ಜಿಲ್ಲೆಯ ಕೃಷಿ ಜಾತ್ರೆ. ಪುಟ್ಟಿಯ ಎರಡು ಮೇಕೆಗಳು 4-ಎಚ್ (ಮಕ್ಕಳ ಕ್ಲಬ್ಬು) ಪ್ರದರ್ಶನಕ್ಕೆ ಹೊರಟಿವೆ.

"ಸ್ಯಾನಿಟೈಸರ್ ದೊಡ್ಡ ಬಾಟಲಿ ಎರಡು ತಂದಿಟ್ಟಿದೀನಿ ಕಣಪ್ಪ, ಸಾಕಲ್ವಾ?"

"ಸಾಕಾಗಲ್ಲ ಅತ್ತಿಗೆ."

"ಹಾಗಾದ್ರೆ ನಾಲ್ಕು ತರ್ಲಾ?"

ನಾಲ್ಕು ತಂದರೂ ಅಷ್ಟೇ, ನಲವತ್ತು ತಂದರೂ ಅಷ್ಟೇ. ಹೋದ ವರ್ಷದಿಂದ ಎಲ್ಲರ ತಲೆಯಲ್ಲೂ ಬಾಟಲಿಯೇ ಕೂತುಬಿಟ್ಟಿದೆ. ಫೇರ್ ಸಮಿತಿಯವರ ನಕ್ಷೆಯೂ ಹಾಗೇ: ಸ್ಯಾನಿಟೈಸರ್ ಕಂಬಗಳು ಹೆಜ್ಜೆಗೊಂದು, ಕೈ ತೊಳೆಯೋ ಸಿಂಕುಗಳು ಮಾತ್ರ ದೂರದ ತಿಂಡಿ ಅಂಗಡಿಗಳ ಸಾಲಿಗೆ ಹೋಗಿ ಸೇರಿವೆ. ಕೊಟ್ಟಿಗೆಯಿಂದ ಅಲ್ಲಿಗೆ ನಡೆಯುವಷ್ಟರಲ್ಲಿ ಮಗು ಬೆರಳು ಬಾಯಿಗಿಟ್ಟು ಆಗಿರುತ್ತೆ.

ಕೊರೊನಾ ಮುಖ್ಯವಾಗಿ ಹರಡೋದು ಉಸಿರಿಂದ. ಕೊಟ್ಟಿಗೆಯ ಹೊಟ್ಟೆಬೇನೆ ಹರಡೋದು ಸಗಣಿ, ಹಿಕ್ಕೆ ಅಂಟಿದ ಕೈಯಿಂದ. ಮೊದಲನೆಯದಕ್ಕೆ ಬಾಟಲಿಯಿಂದ ಆಗೋ ಉಪಕಾರ ಕಡಿಮೆ, ಎರಡನೆಯದಕ್ಕೆ ಸಾಬೂನು-ನೀರೇ ಬೇಕು. ಮೇಕೆ, ಕುರಿ, ಕರುಗಳು ಇ. ಕೋಲೈ ಒ157 ಅನ್ನೋ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿಟ್ಟುಕೊಂಡೂ ಗುಂಡುಗುಂಡಾಗಿ ಓಡಾಡಿಕೊಂಡಿರ್ತವೆ. ಅದೇ ಸಣ್ಣ ಮಕ್ಕಳಿಗೆ ಅಂಟಿದರೆ ರಕ್ತಭೇದಿಯಿಂದ ಶುರುವಾಗಿ ಕಿಡ್ನಿವರೆಗೂ ಹೋಗಬಹುದು. 2004ರಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್ ಫೇರ್‌ನ ಪೆಟಿಂಗ್ ಝೂ (ಪ್ರಾಣಿಗಳನ್ನು ಮುಟ್ಟಿ ಸವರೋ ಜಾಗ) ಒಂದರಿಂದ ನೂರಕ್ಕೂ ಹೆಚ್ಚು ಜನರಿಗೆ ಇದು ತಗುಲಿತು. ಅಲ್ಲಿ ಸ್ಯಾನಿಟೈಸರ್ ಜೆಲ್ ಇತ್ತು. ಹಚ್ಚಿಕೊಂಡವರಿಗೆ ಅದರಿಂದ ರಕ್ಷಣೆ ಸಿಕ್ಕಿದ್ದು ಆಮೇಲಿನ ತನಿಖೆಯಲ್ಲಿ ಕಾಣಲಿಲ್ಲ. ಆಲ್ಕೋಹಾಲ್ ಕೆಲಸ ಮಾಡಬೇಕಾದರೆ ಚರ್ಮಕ್ಕೆ ತಾಗಬೇಕು. ಸಗಣಿಯ ಪೊರೆ, ಉಣ್ಣೆಯ ಜಿಡ್ಡು ಅಡ್ಡ ಇದ್ದರೆ ಮೇಲೇ ಆರಿಹೋಗುತ್ತೆ. ಇನ್ನು ಕರುಗಳಿಂದ ಬರೋ ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಭೇದಿಯ ಪರಾವಲಂಬಿ ಅಂತೂ ಆಲ್ಕೋಹಾಲಿಗೆ ಜಗ್ಗೋದೇ ಇಲ್ಲ.

ಹಾಗಾಗಿ ಸಿಂಕು ಕೊಟ್ಟಿಗೆಯ ಹೊರಬಾಗಿಲಲ್ಲೇ ಇರಬೇಕು, ಅದನ್ನು ದಾಟದೆ ಆಚೆ ಹೋಗೋಕೆ ಆಗದ ಹಾಗೆ. ಕಬ್ಬಿಣದ ಗೇಟುಗಳನ್ನು ಎರಡೂ ಬದಿ ನಿಲ್ಲಿಸಿ ದಾರಿ ಕಿರಿದು ಮಾಡಿದರೆ ಸಾಕು, ಬೋರ್ಡು ಓದದವರೂ ಸಿಂಕಿನ ಮುಂದೆ ಬಂದು ನಿಲ್ತಾರೆ. ಒಳಬಾಗಿಲು ಬೇರೆ, ಹೊರಬಾಗಿಲು ಬೇರೆ. ಒಳಬಾಗಿಲಲ್ಲಿ ಸ್ಟ್ರಾಲರ್ (ಮಗುವಿನ ತಳ್ಳುಗಾಡಿ) ನಿಲ್ಲಿಸೋಕೆ ಜಾಗ ಕೊಡಿ, ಇಲ್ಲದಿದ್ದರೆ ಚಕ್ರಕ್ಕೆ ಮೆತ್ತಿದ ಸಗಣಿ ಮನೆವರೆಗೂ ಬರುತ್ತೆ. ತಿಂಡಿ, ಜ್ಯೂಸ್ ಕಪ್ಪು, ಬಾಯಲ್ಲಿಟ್ಟುಕೊಳ್ಳೋ ನಿಪ್ಪಲ್ಲು ಯಾವುದೂ ಒಳಗೆ ಬೇಡ.

ಬಾಡಿಗೆಗೆ ಬರೋ ಸಿಂಕಿನ ಲೆಕ್ಕ ಸುಲಭ. ಟ್ಯಾಂಕಿನ 20 ಗ್ಯಾಲನ್ ನೀರು ಅಂದರೆ ಸುಮಾರು 75 ಲೀಟರ್. ಒಬ್ಬರಿಗೆ ಅರ್ಧ ಲೀಟರ್ ಹಿಡಿದರೆ 150 ಜನಕ್ಕೆ ಮುಗೀತು. ಶನಿವಾರ ಮಧ್ಯಾಹ್ನದ ಜನಕ್ಕೆ ಅದು ಯಾವ ಮೂಲೆಗೂ ಸಾಲಲ್ಲ. ನೀರಿಗಿಂತ ಮೊದಲು ಖಾಲಿಯಾಗೋದು ಪೇಪರ್ ಟವೆಲ್; ಟವೆಲ್ ಇಲ್ಲ ಅಂದರೆ ಜನ ಒದ್ದೆ ಕೈಯನ್ನು ಜೀನ್ಸಿಗೆ ಒರೆಸ್ತಾರೆ, ಆ ಜೀನ್ಸು ಆಗಷ್ಟೇ ಮೇಕೆಗೆ ಒರಗಿರುತ್ತೆ. ಕೊಳಚೆ ಟ್ಯಾಂಕ್ ತುಂಬಿದರೆ ಬೇಸಿನ್ನಿಗೇ ನೀರು ವಾಪಸ್ ಬರುತ್ತೆ. ಕಾಲಿನಿಂದ ಒತ್ತೋ ಪಂಪು ಐದು ವರ್ಷದ ಮಗುವಿಗೆ ಬಗ್ಗಲ್ಲ, ಬೇಸಿನ್ನೂ ಎಟುಕಲ್ಲ; ಅಲುಗಾಡದ ಮೆಟ್ಟಿಲೊಂದು ಇಟ್ಟು, ಪಕ್ಕದಲ್ಲಿ ಸ್ವಯಂಸೇವಕರೊಬ್ಬರನ್ನು ನಿಲ್ಲಿಸಬೇಕು. ಅವರ ಕೆಲಸ ಪಂಪು ಒತ್ತೋದು, ಟವೆಲ್ ತುಂಬೋದು, "20 ಸೆಕೆಂಡು ಉಜ್ಜಪ್ಪಾ" ಅನ್ನೋದು. ಇದಿಷ್ಟೂ ಆದಮೇಲೆ ಬಾಟಲಿ. ಶೇಕಡಾ 60ಕ್ಕಿಂತ ಕಡಿಮೆ ಆಲ್ಕೋಹಾಲ್ ಇರೋದು ಬೇಡ. ಹೋದ ವರ್ಷ ವಿಷಕಾರಿ ಮೆಥನಾಲ್ ಸೇರಿದ ಎಷ್ಟೋ ಬ್ರಾಂಡುಗಳನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಾಪಸ್ ತೆಗೆಸಿತ್ತು, ಅಟ್ಟದ ಮೇಲಿನ ಹಳೇ ಸ್ಟಾಕ್ ಇಳಿಸೋ ಮುಂಚೆ ಆ ಪಟ್ಟಿ ನೋಡಿ.

ಅತ್ತಿಗೆಗೆ ಬ್ಲೀಚಿನ ಮೇಲೂ ಬಲು ನಂಬಿಕೆ. ಪೆನ್ನಿಗೆಲ್ಲ (ಮೇಕೆ ಕೂಡಿಹಾಕೋ ಬೇಲಿಕಟ್ಟಿಗೆ) ಬ್ಲೀಚ್ ಹೊಡೀತಾರಂತೆ. ಮೇಕೆಯ ಉಚ್ಚೆಯಲ್ಲಿ ಅಮೋನಿಯ ಇರುತ್ತೆ, ಅದರ ಮೇಲೆ ಬ್ಲೀಚ್ ಬಿದ್ದರೆ ಕ್ಲೋರಮೀನ್ ಹೊಗೆ ಏಳುತ್ತೆ, ಕಣ್ಣು-ಗಂಟಲು ಉರಿಯುತ್ತೆ. ಅದೂ ಅಲ್ಲದೆ ಸಗಣಿ ಇದ್ದ ಕಡೆ ಬ್ಲೀಚ್ ಸಗಣಿಯ ಜೊತೆಯೇ ಕಾದಾಡಿ ಮುಗಿದುಹೋಗುತ್ತೆ, ರೋಗಾಣುವಿಗೆ ಏನೂ ಉಳಿಯಲ್ಲ. ಮೊದಲು ಕೆರೆಯಬೇಕು, ಸೋಪಿನ ನೀರಲ್ಲಿ ಉಜ್ಜಿ ತೊಳೆಯಬೇಕು, ಒಣಗಲು ಬಿಡಬೇಕು, ಕಡೆಗೆ ಬ್ಲೀಚ್: ಒಂದು ಗ್ಯಾಲನ್ ನೀರಿಗೆ 5 ಟೇಬಲ್ ಚಮಚ, ಹಚ್ಚಿದ ಜಾಗ ಒಂದು ನಿಮಿಷವಾದರೂ ಒದ್ದೆಯಾಗಿರಬೇಕು, ಇವತ್ತು ಕಲಸಿದ್ದು ನಾಳೆಗೆ ಇಡೋ ಹಾಗಿಲ್ಲ. ಮೇಕೆಗಳನ್ನು ಆಚೆ ಕಟ್ಟಿ ಮಾಡಬೇಕಾದ ಕೆಲಸ. ಬರೀ ಮರದ ಹಲಗೆಯ ಪೆನ್ನಾದರೆ ಇಷ್ಟು ಮಾಡಿದರೂ ಪೂರ್ತಿ ಶುದ್ಧವಾಗಲ್ಲ, ಮರ ಎಲ್ಲ ಕುಡಿದುಬಿಡುತ್ತೆ.

ಫೆರಿಸ್ ವೀಲಿನ ಸರಳಿಗೆ ಪ್ರತಿ ಸುತ್ತಿಗೂ ಸ್ಪ್ರೇ ಮಾಡ್ತಾರಂತೆ, ಅದನ್ನೇ ದೊಡ್ಡದಾಗಿ ಪೋಸ್ಟರಿನಲ್ಲಿ ಹಾಕಿದ್ದಾರೆ. ಎಷ್ಟೋ ಸ್ಪ್ರೇಗಳ ಲೇಬಲ್ಲಿನಲ್ಲಿ 10 ನಿಮಿಷ ಒದ್ದೆ ಇರಲಿ ಅಂತ ಬರೆದಿರುತ್ತೆ, ಸರಳು ಒಂದು ನಿಮಿಷದಲ್ಲಿ ಒಣಬಟ್ಟೆ ಕಂಡಿರುತ್ತೆ. ಮುಟ್ಟಿದ್ದರಿಂದ ಕೊರೊನಾ ಬರೋ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಏಪ್ರಿಲಿನಲ್ಲೇ ಹೇಳಿದೆ. ಆ ಸ್ಪ್ರೇ ಹುಡುಗನನ್ನು ಸಿಂಕಿನ ಹತ್ತಿರ ನಿಲ್ಲಿಸಿದರೆ ಪುಣ್ಯ ಬರುತ್ತೆ.

ನನ್ನ ಚಿಂತೆ ಟ್ಯಾಕ್ ಸ್ಟಾಲಿನದು. ಫೇರ್ ನೋಡೋಕೆ ಬರುವವರು ಅದನ್ನು ಗಮನಿಸೋದೇ ಇಲ್ಲ. ಪ್ರಾಣಿಗಳ ಸಾಲಿನ ಕೊನೆಯ ಪೆನ್ನು: ಮೂರು ಕಡೆ ಟಾರ್ಪಾಲು, ಮೇವಿನ ಚೀಲ, ಕ್ಷೌರದ ಮಷೀನು, ಐಸ್ ಡಬ್ಬ, ಕ್ರಾಕ್‌ಪಾಟಿನಲ್ಲಿ ಏನೋ ಬೇಯುತ್ತಿರುತ್ತೆ, ಮಡಚೋ ಕುರ್ಚಿಗಳಲ್ಲಿ ಎರಡು ಮೂರು ಮನೆಯವರು ಬೆಳಿಗ್ಗೆಯಿಂದ ರಾತ್ರಿವರೆಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರ್ತಾರೆ. ಕೊರೊನಾಕ್ಕೆ ಹತ್ತಿರದ ಸಂಪರ್ಕ ಅಂದರೆ ಆರು ಅಡಿಯೊಳಗೆ ಒಟ್ಟು 15 ನಿಮಿಷ ಅನ್ನೋ ಲೆಕ್ಕ ಅಲ್ಲಿ ಮೊದಲ ಕಾಫಿಗೇ ಮುಗಿದಿರುತ್ತೆ. ಟಾರ್ಪಾಲಿನ ಎದುರುಬದುರು ಎರಡು ಬದಿ ಬಿಚ್ಚಿ. ಫ್ಯಾನನ್ನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಬೀಸದ ಹಾಗೆ, ಹೊರಗಡೆಗೆ ಮುಖ ಮಾಡಿ ಇಡಿ. ಒಂದು ಸ್ಟಾಲಿಗೆ ಒಂದೇ ಮನೆ. ಊಟ ಹುಲ್ಲಿನ ಮೇಲೆ.

ಜನ ಬಿಟ್ಟ ಉಸಿರು ಎಷ್ಟು ಕಟ್ಟಿಕೊಂಡಿದೆ ಅಂತ ನೋಡೋಕೆ ಯಾರೋ ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದಿಡೋಣ ಅಂದರಂತೆ. ಶಾಲೆಗೆ ಸರಿ. ಕೊಟ್ಟಿಗೆಯಲ್ಲಿ ದನಗಳೂ ಉಸಿರಾಡ್ತವೆ. ಮೀಟರ್ 1,500 ತೋರಿಸಿದರೆ ಅದರಲ್ಲಿ ಜನರದ್ದೆಷ್ಟು, ಹೋರಿಗಳದ್ದೆಷ್ಟು ಅಂತ ಹೇಗೆ ಬಿಡಿಸ್ತೀರಿ?

ನಿನ್ನೆ ಸಿಡಿಸಿ ಮತ್ತೆ ಮಾಸ್ಕ್ ಅಂದಿದೆ. ಏಳು ದಿನದಲ್ಲಿ ಲಕ್ಷ ಜನಕ್ಕೆ 50 ಕೇಸು ದಾಟಿದ ಕೌಂಟಿಗಳಲ್ಲಿ, ಎರಡೂ ಡೋಸ್ ಆದವರೂ ಒಳಾಂಗಣದಲ್ಲಿ ಹಾಕಿಕೊಳ್ಳಿ ಅಂತ. ಕೊಟ್ಟಿಗೆ ಒಳಾಂಗಣವೋ ಹೊರಾಂಗಣವೋ ಅಂತ ವಾದ ಶುರುವಾಗಿದೆ. ಎರಡು ಬದಿ ಪೂರ್ತಿ ತೆರೆದಿದ್ದು, ನಿಂತಲ್ಲಿ ಗಾಳಿ ಮುಖಕ್ಕೆ ತಾಗಿದರೆ ಹೊರಾಂಗಣ ಅನ್ನಿ. ಮೂರು ಬದಿ ಪರದೆ ಇಳಿಬಿಟ್ಟ ಗುಡಾರ ಕೋಣೆಯೇ ಸರಿ. ಪುಟ್ಟಿಗೆ ಹತ್ತು ವರ್ಷ, ಹನ್ನೆರಡರ ಕೆಳಗಿನವರಿಗೆ ಲಸಿಕೆ ಇನ್ನೂ ಇಲ್ಲ. ದಿನಕ್ಕೆ ನಾಲ್ಕು ಮಾಸ್ಕ್ ಇಟ್ಟುಕೊಳ್ಳಿ ಅಂದೆ. ಧೂಳು, ಬೆವರಿಗೆ ಒದ್ದೆಯಾದ ಮಾಸ್ಕಿನಲ್ಲಿ ಉಸಿರಾಡೋದು ಕಷ್ಟ, ಮಕ್ಕಳು ಮೂಗಿನಿಂದ ಕೆಳಗೆ ಎಳೆದುಬಿಡ್ತಾರೆ.

"ಅಮ್ಮನ್ನೂ ಕರ್ಕೊಂಡು ಹೋಗ್ತೀನಿ, ಹಂದಿ ರೇಸು ನೋಡ್ಲಿ" ಅಂದರು ಅತ್ತಿಗೆ. ಹಂದಿ ಕೊಟ್ಟಿಗೆಗೆ ಮಾತ್ರ ಬೇಡ. 65 ದಾಟಿದವರು, ಐದರ ಕೆಳಗಿನವರು, ಗರ್ಭಿಣಿಯರು, ಆಸ್ತಮಾ-ಸಕ್ಕರೆ ಕಾಯಿಲೆಯವರು ಅತ್ತ ಸುಳಿಯದಿದ್ದರೆ ಒಳ್ಳೇದು. 2012ರ ಬೇಸಿಗೆಯಲ್ಲಿ ಹಂದಿಯಿಂದ ಬಂದ ಎಚ್3ಎನ್2ವಿ ಫ್ಲೂ 300ಕ್ಕೂ ಹೆಚ್ಚು ಜನರನ್ನು ಹಿಡಿದಿತ್ತು, ಇಂಡಿಯಾನಾ ಮತ್ತು ನಮ್ಮ ಒಹಾಯೊದಲ್ಲೇ ಜಾಸ್ತಿ, ಬಹುಪಾಲು ಫೇರ್‌ಗೆ ಹೋದ ಮಕ್ಕಳು. ಹಂದಿಗಳನ್ನು 72 ಗಂಟೆಯೊಳಗೆ ಮೈದಾನದಿಂದ ಕಳಿಸಿಬಿಡಿ ಅನ್ನೋ ಸಲಹೆ ಇದಕ್ಕೇ: ಹಂದಿಯಿಂದ ಹಂದಿಗೆ ದಾಟಿ ಕೊಟ್ಟಿಗೆಯೆಲ್ಲ ತುಂಬೋಕೆ ವೈರಸ್ಸಿಗೆ ಅಷ್ಟು ಹೊತ್ತು ಸಿಗಬಾರದು. ನಮ್ಮಿಂದ ಹಂದಿಗೂ ಫ್ಲೂ ಹೋಗುತ್ತೆ. ಫೇರ್ ಆದ ಮೇಲೆ ಜ್ವರ ಬಂದರೆ, ಕೊರೊನಾ ನೆಗೆಟಿವ್ ಅಂತ ಸುಮ್ಮನಾಗದೆ "ಹಂದಿ ಹತ್ತಿರ ಹೋಗಿದ್ವಿ" ಅಂತ ಡಾಕ್ಟರಿಗೆ ಹೇಳಬೇಕು.

ನಲ್ಲಿ ನೀರಿನ ವಿಚಾರ. ಕಳೆದ ವರ್ಷ ಜುಲೈ 31ರಿಂದ ರಾಜ್ಯದಲ್ಲಿ ಜೂನಿಯರ್ ಫೇರ್ (ಮಕ್ಕಳ ಪ್ರದರ್ಶನ) ಬಿಟ್ಟು ಬೇರೇನಕ್ಕೂ ಅವಕಾಶ ಇರಲಿಲ್ಲ, ಎಷ್ಟೋ ಕಟ್ಟಡಗಳ ಪೈಪಿನಲ್ಲಿ ನೀರು ನಿಂತಲ್ಲೇ ನಿಂತಿದೆ. ನೀರಿನ ಹನಿ, ಮಂಜಿನ ಜೊತೆ ಉಸಿರಿಗೆ ಸೇರಿ ನ್ಯುಮೋನಿಯಾ ತರೋ ಬ್ಯಾಕ್ಟೀರಿಯಾ ಲೀಜಿಯೊನೆಲ್ಲಾಗೆ ಇದಕ್ಕಿಂತ ಒಳ್ಳೇ ಮನೆ ಬೇಕಾ? 2019ರ ಸೆಪ್ಟೆಂಬರಿನಲ್ಲಿ ನಾರ್ತ್ ಕ್ಯಾರೊಲೈನಾ ಮೌಂಟನ್ ಸ್ಟೇಟ್ ಫೇರ್‌ನಲ್ಲಿ 130ಕ್ಕೂ ಹೆಚ್ಚು ಜನರಿಗೆ ಲೀಜಿಯೊನೆಲ್ಲಾ ತಗುಲಿ ನಾಲ್ವರು ಸತ್ತರು. ಪ್ರದರ್ಶನಕ್ಕಿಟ್ಟ ಹಾಟ್ ಟಬ್ಬುಗಳತ್ತ ಬೆರಳು ಹೋಯಿತು. ಪ್ರತಿ ನಲ್ಲಿಯ ಜಾಲರಿ ಬಿಚ್ಚಿ, ಬಿಸಿ-ತಣ್ಣೀರು ಎರಡನ್ನೂ ಹರಿಯಬಿಟ್ಟು, ಕೊನೆಯ ನಲ್ಲಿಯಲ್ಲೂ ಕ್ಲೋರಿನ್ ಸಿಗೋವರೆಗೆ ಬಿಡಬೇಕು. ಮಂಜು ಚಿಮ್ಮಿಸೋ ಫ್ಯಾನ್ ಈ ವರ್ಷ ಬೇಡವೇ ಬೇಡ. ಬಾವಿ ನೀರಿದ್ದರೆ ಪರೀಕ್ಷೆ ಆಗದೆ ಐಸ್ ಮಾಡೋ ಹಾಗಿಲ್ಲ. 1999ರಲ್ಲಿ ನ್ಯೂಯಾರ್ಕಿನ ವಾಷಿಂಗ್ಟನ್ ಕೌಂಟಿ ಫೇರ್‌ನಲ್ಲಿ ಕ್ಲೋರಿನ್ ಹಾಕದ ಒಂದು ಬಾವಿ ನೀರಿಂದ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು.

ಇನ್ನು ಶುಕ್ರವಾರ ಗುಡಾರದಲ್ಲಿ ಮಕ್ಕಳು ಸಾಕಿದ ಪ್ರಾಣಿಗಳ ಹರಾಜು. ಮೂರು ನಾಲ್ಕು ಗಂಟೆ, ಬ್ಲೀಚರ್ (ಮೆಟ್ಟಿಲು ಸಾಲಿನ ಆಸನ) ತುಂಬ ಜನ, ಕೂಗೋದೇ ಕೆಲಸ. ಬಿಡ್ಡಿಂಗ್ ಆನ್‌ಲೈನಿಗೆ ಹಾಕಿದರೆ ಅರ್ಧ ಜನ ಬರಲ್ಲ, ಉಳಿದವರನ್ನು ಸಾಲು ಬಿಟ್ಟು ಸಾಲು ಕೂರಿಸಬಹುದು. ರಿಂಗಿನಲ್ಲಿ ಒಂದು ಪ್ರಾಣಿ, ಒಂದು ಮಗು. ಮುಂದಿನವರು ಹೊರಗೆ ಕಾಯಲಿ. ಗುಡಾರದ ಬದಿಗಳನ್ನು ಎತ್ತಿ ಕಟ್ಟೋದೂ ಬರೆದಾಯ್ತು. ಮಳೆ ಬಂದರೆ ಮಾತ್ರ ಆ ಬದಿಗಳು ಇಳೀತವೆ, ಹೊರಗಿದ್ದವರೆಲ್ಲ ಒಳಗೆ ನುಗ್ತಾರೆ. ಆಗ ಹರಾಜು ನಿಲ್ಲಿಸಿ ಎಲ್ಲರನ್ನೂ ಕಾರಿಗೆ ಕಳಿಸೋ ಅಧಿಕಾರ ಯಾರ ಕೈಲಿ ಅಂತ ನಕ್ಷೆಯಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ. ನಾಳೆ ಹೋಗಿ ಕೇಳಬೇಕು, ಅದರ ಜೊತೆಗೇ ಸಿಂಕಿನ ಜಾಗದ ವಿಷಯವನ್ನೂ.