ನೋರಿಸ್‌ರಿಂಗ್ ಸ್ಲಾಟ್ ಟ್ರ್ಯಾಕ್: ಗ್ರುಂಡಿಗ್ ತಿರುವಿನ ಕಾಟ ಕೊನೆಗೂ ಮುಗಿಯಿತು

ನಿನ್ನೆ ರಾತ್ರಿ ಹನ್ನೊಂದೂವರೆ. ಹೊರಗೆ ಜೋರು ಮಳೆ. ಹಲಗೆಯಲ್ಲಿ ಕೆತ್ತಿದ ಸೀಳಿನಲ್ಲಿ (ಅದೇ ಸ್ಲಾಟ್) ಆಟಿಕೆ ಕಾರನ್ನು ಕರೆಂಟಿನಿಂದ ಓಡಿಸುವ ಟ್ರ್ಯಾಕ್ ಕಟ್ಟಿದ್ದೇನೆ, ಜರ್ಮನಿಯ ನೋರಿಸ್‌ರಿಂಗ್ ರೇಸ್ ಟ್ರ್ಯಾಕಿನ ಮಾದರಿಯಲ್ಲಿ. ಒಳಗಿನ ಲೇನಿನಲ್ಲಿ ಕಾರು ಒಂದು ಸಲವೂ ನಿಲ್ಲದೆ 50 ಸುತ್ತು ಓಡಿತು. ಆರು ವಾರದಿಂದ ಈ ಸಾಲು ಬರೆಯಲು ಕಾಯುತ್ತಿದ್ದೆ.

ಕೆತ್ತನೆ, ಬಣ್ಣ, ವೈರಿಂಗ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. 1:32 ಅಳತೆ, ಎರಡು ಲೇನು, 12 ವೋಲ್ಟ್. ನ್ಯೂರೆಂಬರ್ಗ್‌ನ ನಿಜವಾದ ನೋರಿಸ್‌ರಿಂಗ್ 2.3 ಕಿಲೋಮೀಟರ್. ಅದನ್ನು ಸರಿಯಾಗಿ 1:32ಕ್ಕೆ ಇಳಿಸಿದರೆ 72 ಮೀಟರ್ ಆಗುತ್ತದೆ. ನನ್ನ ಹತ್ತಿರ ಇರುವುದು 12 ಅಡಿ ಉದ್ದ, 4 ಅಡಿ ಅಗಲದ ಹಲಗೆ. ಹಾಗಾಗಿ ಒಂದು ಸುತ್ತು ಏಳೂವರೆ ಮೀಟರ್. ಆದರೂ ಆಕಾರ ಕೆಡಲಿಲ್ಲ. ಕಲ್ಲಿನ ಹಳೇ ಗ್ಯಾಲರಿಯ ಮುಂದೆ ಹೋಗಿ, ಗಕ್ಕನೆ ತಿರುಗಿ, ಅದರ ಹಿಂದಿನಿಂದ ವಾಪಸ್ ಬರುವ ಟ್ರ್ಯಾಕ್ ಅದು. ಉದ್ದನೆಯ ಇಕ್ಕಟ್ಟು ಕೋಣೆಗೆ ಇದಕ್ಕಿಂತ ಒಳ್ಳೆಯದು ಸಿಗಲ್ಲ.

2014ರ ಯುರೋಪಿಯನ್ ಫಾರ್ಮುಲಾ 3 (ಫಾರ್ಮುಲಾ 1ಕ್ಕಿಂತ ಕೆಳಗಿನ ಹಂತದ ಕಾರ್ ರೇಸ್) ಸೀಸನ್ನನ್ನು ಒಂದೊಂದೇ ಟ್ರ್ಯಾಕಾಗಿ ಮನೆಯಲ್ಲಿ ಕಟ್ಟಬೇಕು ಅನ್ನುವುದು ನನ್ನ ದೊಡ್ಡ ಆಸೆ. ಸಿಲ್ವರ್‌ಸ್ಟೋನ್‌ನಲ್ಲಿ ಶುರುವಾಗಿ ಹಾಕೆನ್‌ಹೈಮ್‌ನಲ್ಲಿ ಮುಗಿದ 33 ರೇಸುಗಳು. ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಮೂರು, ನೋರಿಸ್‌ರಿಂಗ್‌ನಲ್ಲಿ ಮೂರು, ಹೀಗೆ ಸಾಲಾಗಿ ಆರು ರೇಸನ್ನು 16 ವರ್ಷದ ಮ್ಯಾಕ್ಸ್ ವೆರ್ಸ್ಟಾಪೆನ್ ಗೆದ್ದ ವರ್ಷ ಅದು. ಇಡೀ ಸೀಸನ್‌ನಲ್ಲಿ ಹತ್ತು ಗೆಲುವು. ಆದರೂ ಚಾಂಪಿಯನ್ ಆಗಿದ್ದು ಎಸ್ಟೆಬಾನ್ ಒಕಾನ್. ಗೆಲ್ಲದ ದಿನವೂ ಅಂಕ ಬಿಡದವನಿಗೆ ಪಟ್ಟ ಸಿಗುತ್ತದಲ್ಲ, ಫಾರ್ಮುಲಾ 3ಯಲ್ಲಿ ನನಗೆ ತುಂಬಾ ಇಷ್ಟ ಆಗುವುದೇ ಅದು.

ಈಗ ಕಾಟದ ಕತೆ. ಏಪ್ರಿಲ್‌ನಲ್ಲಿ ಎಲ್ಲ ಚೆನ್ನಾಗಿ ಓಡಿತು. ಜೂನ್‌ನಲ್ಲಿ ಮಳೆ ಹಿಡಿಯಿತು. ಗ್ಯಾಲರಿ ದಾಟಿ ಗಕ್ಕನೆ ತಿರುಗುವ ಗ್ರುಂಡಿಗ್ ತಿರುವಿನ ಒಳಲೇನಿನಲ್ಲಿ ಕಾರು ನಿಲ್ಲಲು ಶುರುವಾಯಿತು. ಹೊರಲೇನಿನಲ್ಲಿ ಏನೂ ತೊಂದರೆ ಇಲ್ಲ. ಇನ್ನೊಂದು ತುದಿಯ ದುಟ್ಸೆನ್‌ಟೈಖ್ ತಿರುವಿನಲ್ಲೂ ಇಲ್ಲ.

ಯಾರಾದರೂ ಮೊದಲು ಕರೆಂಟನ್ನೇ ಅನುಮಾನಿಸುತ್ತಾರೆ, ಅಲ್ವಾ? ನಾನೂ ಹಾಗೇ ಮಾಡಿದೆ. ಅದಕ್ಕೆ ಕಾರಣವೂ ಇತ್ತು. ಕಾರಿಗೆ ಕರೆಂಟ್ ಕೊಡಲು ಸ್ಲಾಟಿನ ಎರಡೂ ಬದಿ ಅಂಟಿಸುವುದು ಕಾಪರ್ ಟೇಪ್. ಅಂಟಿನಲ್ಲೂ ಕರೆಂಟ್ ಹರಿಯುತ್ತದೆ ಎಂದು ಹೇಳಿ ಮಾರಿದ ಕಾಪರ್ ಟೇಪಿನ ಅಂಟಿನಲ್ಲಿ ಕರೆಂಟ್ ಹರಿಯುತ್ತಲೇ ಇರಲಿಲ್ಲ. ಪ್ರತಿ ಜೋಡಣೆಗೂ ಬೆಸುಗೆ ಹಾಕಬೇಕಾಯಿತು. ಆದರೆ ಮಲ್ಟಿಮೀಟರ್ ತಿರುವಿನಲ್ಲಿ 11.8 ವೋಲ್ಟ್ ತೋರಿಸಿತು. ಅಷ್ಟು ಸಾಕು. ಟೇಪಿನಿಂದ ಕರೆಂಟ್ ಎತ್ತಿಕೊಳ್ಳುವ ಬ್ರೇಡ್ ಬದಲಿಸಿದೆ, ಕಾರಿನಡಿಯಿಂದ ಸ್ಲಾಟಿಗೆ ಇಳಿಯುವ ಗೈಡ್ ಬದಲಿಸಿದೆ, ಇನ್ನೊಂದು ಜಂಪರ್ ವೈರ್ ಎಳೆದೆ. ಕಾರು ಅದೇ ಜಾಗದಲ್ಲಿ ನಿಂತಿತು.

ಒಂದು ಸಂಜೆ ಸುಮ್ನೆ ಪವರ್ ಆಫ್ ಮಾಡಿ, ಕಾರನ್ನು ಬೆರಳಿಂದ ತಳ್ಳಿಕೊಂಡು ಹೋದೆ. ಅಲ್ಲಿ ಹಿಡಿದುಕೊಂಡಿತು. ಕರೆಂಟಿನ ಮಾತೇ ಅಲ್ಲ! ಡ್ರಿಲ್ ಬಿಟ್‌ನ ನುಣುಪಾದ ಬುಡವನ್ನು ಸ್ಲಾಟಿಗೆ ಇಳಿಸಿ ನೋಡಿದೆ. 3 ಮಿಮೀ ಬಿಟ್ ಎಲ್ಲೂ ಹೋಗಲಿಲ್ಲ. 2.8 ಮಾತ್ರ ಬಿಗಿಯಾಗಿ ಹೋಯಿತು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಥಂಡಿ ಹೀರಿ ಇಡೀ ಟ್ರ್ಯಾಕಿನಲ್ಲಿ ಉಬ್ಬಿ, ಸ್ಲಾಟನ್ನು ಇಕ್ಕಟ್ಟು ಮಾಡಿತ್ತು.

ಹಾಗಾದರೆ ಕಾರು ಅಲ್ಲೊಂದೇ ಕಡೆ ಯಾಕೆ ನಿಲ್ಲಬೇಕು? ಇದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡೆ. ಉತ್ತರ ಗೈಡ್‌ನ ಅಲಗಿನಲ್ಲಿತ್ತು. ಅಲಗು ನೇರ, ಸ್ಲಾಟ್ ಬಾಗಿದೆ. ಬಾಗಿದ ಸ್ಲಾಟಿನಲ್ಲಿ ಅಲಗಿನ ಎರಡು ತುದಿ ಒಂದು ಗೋಡೆಗೆ ತಾಗುತ್ತವೆ, ನಡುಭಾಗ ಇನ್ನೊಂದು ಗೋಡೆಗೆ. ಎಷ್ಟು ಜಾಸ್ತಿ ಜಾಗ ಬೇಕು ಎಂದು ತಿಳಿಯಲು ಅಲಗಿನ ಉದ್ದವನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ 8 ಪಟ್ಟಿನಿಂದ ಭಾಗಿಸಿದರೆ ಸಾಕು. ನನ್ನ ಅಲಗು 20 ಮಿಮೀ ಉದ್ದ, 2.5 ದಪ್ಪ. ಒಳಲೇನಿನ ತ್ರಿಜ್ಯ 150 ಮಿಮೀ. 400 ಭಾಗಿಸು 1200, ಅಂದರೆ 0.33. ಒಟ್ಟು 2.83 ಬೇಕು, ಇರುವುದು 2.8. ಹೊರಲೇನಿನ ತ್ರಿಜ್ಯ 240, ಅಲ್ಲಿ 2.71 ಸಾಕು. ದುಟ್ಸೆನ್‌ಟೈಖ್ ತಿರುವನ್ನು ಅದಕ್ಕಿಂತ ದೊಡ್ಡ ತ್ರಿಜ್ಯದಲ್ಲಿ ಕೆತ್ತಿದ್ದೆ. ಆ ಲೆಕ್ಕ ಕಾಗದದ ಮೇಲೆ ಕೂತಾಗ ಆದ ಖುಷಿ ಹೇಳಲಾರೆ. ಕೂದಲೆಳೆಯಷ್ಟೂ ಇಲ್ಲದ ಅಂತರ ಆರು ವಾರ ತಿಂದಿತ್ತು.

ತೇವ ತಡೆಯುವ ಹಸಿರು ಎಂಡಿಎಫ್‌ಗೆ ದುಡ್ಡು ಕೊಟ್ಟಿದ್ದೆ. ಅಂಗಡಿಯವರು ಕಳಿಸಿದ್ದು ಮಾಮೂಲಿ ಕಂದು ಹಲಗೆ, ಎರಡೂ ಒಂದೇ ಎಂದು ಸಾಧಿಸಿದರು. ಒಂದೇ ಅಲ್ಲ. ಕತ್ತರಿಸಿದ ಅಂಚು ನೋಡದೆ ಹಲಗೆ ಇಳಿಸಿಕೊಳ್ಳಬೇಡಿ.

ಪರಿಹಾರ: ಹಳೇ ಗರಗಸದ ಬ್ಲೇಡಿಗೆ ಸ್ಯಾಂಡ್‌ಪೇಪರ್ ಸುತ್ತಿ ಇಡೀ ಸ್ಲಾಟ್ ಉಜ್ಜಿದೆ. ಬೇರೆ ಕಡೆ 3.1, ಗ್ರುಂಡಿಗ್ ಒಳಲೇನಿನಲ್ಲಿ 3.3. ಒಮ್ಮೆ ಉಬ್ಬಿದ ಎಂಡಿಎಫ್ ಪೂರ್ತಿ ಇಳಿಯುವುದಿಲ್ಲ, ಉಜ್ಜಲೇಬೇಕು. ಆಮೇಲೆ ಥಂಡಿ ಒಳಗೆ ಹೋಗದಂತೆ, ತಿನ್ನರ್ ಬೆರೆಸಿದ ಸ್ಯಾಂಡಿಂಗ್ ಸೀಲರ್ ಎರಡು ಕೋಟ್, ಸ್ಲಾಟಿನ ಗೋಡೆಗೂ ತಳಕ್ಕೂ. ಏಪ್ರಿಲ್‌ನಲ್ಲಿ ನಾನು ಮೇಲ್ಭಾಗಕ್ಕೆ ಮಾತ್ರ ಬಣ್ಣ ಹೊಡೆದಿದ್ದೆ.

ಮುಂದಿನದು ಪೋ, ಫ್ರಾನ್ಸ್‌ನ ಆ ಬೀದಿ ಟ್ರ್ಯಾಕ್. ರೈಲ್ವೆ ಸ್ಟೇಷನ್ ಹತ್ತಿರದ ತಿರುವು ದಾಟುತ್ತಿದ್ದಂತೆ ದಿಬ್ಬ ಹತ್ತುತ್ತದೆ. ಅಂದರೆ ಹಲಗೆಯನ್ನೇ ಬಾಗಿಸಬೇಕು. 6 ಮಿಮೀ ಎಂಡಿಎಫ್ ಬಾಗುತ್ತದೆ, ಆದರೆ ಸ್ಲಾಟ್ 7 ಮಿಮೀ ಆಳ ಬೇಕು. ಎರಡು ಪದರ ಅಂಟಿಸಿ ನೋಡುವವನಿದ್ದೇನೆ. ಯಾರಾದರೂ ಮಾಡಿದ್ದರೆ ದಯವಿಟ್ಟು ಹೇಳಿ.

ಎರಡನೇ ಕಾರೂ ತಯಾರಾಗುತ್ತಿದೆ. 2014ರಲ್ಲಿ ವೆರ್ಸ್ಟಾಪೆನ್ ಓಡಿಸಿದ ವ್ಯಾನ್ ಅಮರ್ಸ್‌ಫೋರ್ಟ್ ತಂಡದಲ್ಲೇ 2015ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಓಡಿಸಿದರು, ಷಾರ್ಲ್ ಲೆಕ್ಲೇರ್ ಜೊತೆಗಾರನಾಗಿ. ವರ್ಷ ಬೇರೆ, ಗೊತ್ತು. ಆದರೂ ಮೊದಲ ಮೂರು ರೇಸಿಗೆ ಒಳಲೇನಿನಲ್ಲಿ ಮೈನಿ ಕಾರೇ ಓಡುತ್ತದೆ. ಶನಿವಾರ ಸಂಜೆ ಆರಕ್ಕೆ, ಮಳೆ ಬಂದರೂ ಸರಿ.